‘ರಿಯಾಲಿಟಿ ಚೆಕ್’ ಅಂದರೆ ಏನನ್ನು ಚೆಕ್ ಮಾಡುವುದು?

ನರಸಾಪುರ ಶಿಫ್ಟ್:

ಎಲ್ಲರಿಗೂ ನಮಸ್ಕಾರ. ಒಂದು ಇಂಗ್ಲಿಷ್ ಮಾತಿನ ಅರ್ಥ ನನಗೆ ಸರಿಯಾಗಿ ತಿಳಿಯಬೇಕು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಾನು ಕೋಲಾರ ತಾಲ್ಲೂಕಿನವಳು. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ, ಆಮೇಲೆ ಡಿಪ್ಲೊಮಾ. ಈಗ ನರಸಾಪುರ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿದ್ದೇನೆ. ಹೊಸದಾಗಿ ಸೇರುವ ಹುಡುಗಿಯರಿಗೆ ಲೈನ್ ಕೆಲಸ ಕಲಿಸುವುದು ನನ್ನ ಜವಾಬ್ದಾರಿ. ಹೋದ ತಿಂಗಳು 60 ಜನ ಒಟ್ಟಿಗೆ ಸೇರಿದರು. ಅಷ್ಟೂ ಜನರ ಟ್ರೈನಿಂಗ್ 10 ದಿನದಲ್ಲಿ ಮುಗಿಸುತ್ತೇನೆ ಅಂತ ಪ್ಲಾನ್ ಮಾಡಿ ಮೇಲಿನವರಿಗೆ ಮೇಲ್ ಹಾಕಿದೆ. ಒಂದೇ ಸಾಲಿನ ಉತ್ತರ ಬಂತು: ‘ಯುವರ್ ಟೈಮ್‌ಲೈನ್ ನೀಡ್ಸ್ ಎ ರಿಯಾಲಿಟಿ ಚೆಕ್.’

ನಮ್ಮ ಮನೆಯಲ್ಲಿ ಟಿವಿ ನ್ಯೂಸ್ ಓಡುತ್ತಲೇ ಇರುತ್ತದೆ. ಅದರಲ್ಲಿ ಆಗಾಗ ‘ರಿಯಾಲಿಟಿ ಚೆಕ್’ ಅಂತ ಬರುತ್ತದೆ. ಮೈಕ್ ಹಿಡಿದು ಹಾಸ್ಟೆಲ್‌ಗೋ ಆಸ್ಪತ್ರೆಗೋ ಹೋಗುತ್ತಾರೆ, ಅಡುಗೆ ಮನೆ ತೋರಿಸುತ್ತಾರೆ, ಟಾಯ್ಲೆಟ್ ಬಾಗಿಲು ತೆಗೆದು ತೋರಿಸುತ್ತಾರೆ. ನನಗೆ ಗೊತ್ತಿದ್ದ ಅರ್ಥ ಅದೊಂದೇ. ಹಾಗಾಗಿ ಟ್ರೈನಿಂಗ್ ರೂಮ್ ನಿಜವಾಗಿ ರೆಡಿ ಇದೆಯೋ ಇಲ್ಲವೋ ಅಂತ ಅವರಿಗೆ ಅನುಮಾನ ಬಂದಿದೆ ಅಂದುಕೊಂಡೆ. ಮಾರನೇ ದಿನ ಶಿಫ್ಟ್‌ಗಿಂತ ಒಂದು ಗಂಟೆ ಮೊದಲೇ ಹೋದೆ. ಪರ್ಮಿಷನ್ ತಗೊಂಡು ಬೆಂಚು, ಟೂಲ್ಸ್, ಬೋರ್ಡು ಎಲ್ಲದರ ಫೋಟೊ ತೆಗೆದು ‘ರಿಯಾಲಿಟಿ ಚೆಕ್ ಡನ್ ಸರ್’ ಅಂತ ಬರೆದು ಕಳಿಸಿದೆ. ಮೀಟಿಂಗಿನಲ್ಲಿ ಅದನ್ನು ನೋಡಿ ಇಬ್ಬರು ಮೂವರು ನಕ್ಕರು. ಮೇಲಿನವರು ‘ಐ ಮೆಂಟ್ ದ ಡೇಟ್ಸ್’ (ನಾನು ಹೇಳಿದ್ದು ತಾರೀಕಿನ ಬಗ್ಗೆ) ಅಂತ ಹೇಳಿ ಮುಂದಿನ ವಿಷಯಕ್ಕೆ ಹೋದರು. ನಾನು ಎಲ್ಲಿ ತಪ್ಪಿದೆ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಅವತ್ತು ಬಸ್ಸಿನಲ್ಲಿ ಬರುವಾಗ ತುಂಬಾ ಬೇಜಾರಾಯಿತು.

ಇದರ ಅಸಲು ಅರ್ಥ ಏನು? ಇದು ಬೈಗುಳವಾ? ನಾನೂ ಬಳಸಬಹುದಾ, ಯಾರ ಹತ್ತಿರ, ಹೇಗೆ? ಟಿವಿಯವರು ಹೇಳುವುದು ತಪ್ಪಾ? ಮೊಬೈಲಿನಲ್ಲಿ ಅನುವಾದ ಮಾಡಿ ನೋಡಿದರೆ ‘ವಾಸ್ತವ ಪರಿಶೀಲನೆ’ ಅಂತ ಬಂತು. ಅದರಿಂದ ನನಗೇನೂ ತಿಳಿಯಲಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.


ಮುಳಬಾಗಿಲು ಮೇಷ್ಟ್ರು:

ಬೇಜಾರು ಮಾಡಿಕೊಳ್ಳಬೇಡಮ್ಮ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವನು ನಾನು, ನೀನು ಅರ್ಥ ಮಾಡಿಕೊಂಡ ದಾರಿ ನನಗೆ ಚೆನ್ನಾಗಿ ಕಾಣುತ್ತದೆ. ಅದಕ್ಕೆ ಕಾರಣ ಇದೆ.

ನಮಗೆ ಗೊತ್ತಿರುವ ‘ಚೆಕ್’ಗಳನ್ನು ನೋಡು. ಟಿಕೆಟ್ ಚೆಕ್, ಬಿಪಿ ಚೆಕ್, ಸ್ಪೆಲ್ ಚೆಕ್. ಇವುಗಳಲ್ಲೆಲ್ಲ ಮೊದಲನೇ ಪದ ಯಾವುದೋ ಅದನ್ನೇ ಪರೀಕ್ಷೆ ಮಾಡುವುದು. ಟಿಕೆಟ್ಟನ್ನು ನೋಡುತ್ತಾರೆ, ಬಿಪಿಯನ್ನು ನೋಡುತ್ತಾರೆ. ಅದೇ ಲೆಕ್ಕದಲ್ಲಿ ರಿಯಾಲಿಟಿ ಚೆಕ್ ಅಂದರೆ ಅಲ್ಲಿ ಇರುವುದನ್ನು ಪರೀಕ್ಷೆ ಮಾಡುವುದು ಅಂತ ನೀನು ತಿಳಿದೆ. ಆದರೆ ಈ ಜೋಡಿ ಪದದಲ್ಲಿ ರಿಯಾಲಿಟಿ ಪರೀಕ್ಷೆಗೆ ಕೂತಿಲ್ಲ, ಅದು ಅಳತೆಗೋಲಿನ ಜಾಗದಲ್ಲಿ ನಿಂತಿದೆ. ಪರೀಕ್ಷೆಗೆ ಕೂತಿರುವುದು ನಮ್ಮ ತಲೆಯಲ್ಲಿರುವ ಲೆಕ್ಕ, ನಮ್ಮ ಆಸೆ, ನಮ್ಮ ಪ್ಲಾನ್.

ಕನ್ನಡದಲ್ಲೂ ಈ ಎರಡು ಬಗೆ ಇದೆ. ‘ಜಮೀನಳತೆ’ ಅಂದರೆ ಜಮೀನನ್ನು ಅಳೆಯುವುದು. ‘ಕಣ್ಣಳತೆ’ ಅಂದರೆ? ಯಾರೂ ಕಣ್ಣನ್ನು ಅಳೆಯುವುದಿಲ್ಲ, ಕಣ್ಣಿನಿಂದ ಅಳೆಯುತ್ತಾರೆ. ಎರಡೂ ನೋಡಲು ಒಂದೇ ತರ ಇವೆ, ಒಳಗಿನ ಸಂಬಂಧ ಬೇರೆ. ರಿಯಾಲಿಟಿ ಚೆಕ್ ಕಣ್ಣಳತೆಯ ಜಾತಿಗೆ ಸೇರಿದ್ದು. ಇಷ್ಟು ಹಿಡಿದುಕೊಂಡರೆ ಮುಕ್ಕಾಲು ಪಾಲು ಅರ್ಥವಾದ ಹಾಗೆ.

ಇನ್ನೊಂದು ವಿಷಯ ‘ಚೆಕ್’ ಅನ್ನುವ ಪದದ್ದು. ಇದು ಬಂದದ್ದು ಚದುರಂಗದಿಂದ. ಪರ್ಷಿಯನ್ ಭಾಷೆಯಲ್ಲಿ ರಾಜನಿಗೆ ‘ಶಾಹ್’ ಅನ್ನುತ್ತಾರೆ. ಎದುರಾಳಿಯ ರಾಜನ ಮೇಲೆ ದಾಳಿ ಬಂದಾಗ ಕೂಗುವ ಆ ಶಾಹ್, ಹಳೇ ಫ್ರೆಂಚ್‌ನಲ್ಲಿ ಎಶೆಕ್ ಆಗಿ, ಇಂಗ್ಲಿಷಿಗೆ ಬಂದು ಚೆಕ್ ಆಯಿತು. ಆಟದಲ್ಲಿ ಚೆಕ್ ಅಂದ ತಕ್ಷಣ ಏನಾಗುತ್ತದೆ? ಮಿಕ್ಕ ಯೋಚನೆಯೆಲ್ಲ ಬಿಟ್ಟು ಮೊದಲು ರಾಜನನ್ನು ಉಳಿಸಿಕೊಳ್ಳಬೇಕು. ಹೀಗೆ ‘ತಡೆ’ ಅನ್ನುವ ಅರ್ಥ ಮೊದಲು ಬಂತು, ‘ಸರಿ ಇದೆಯಾ ನೋಡು’ ಅನ್ನುವುದು ಆಮೇಲೆ ಬಂತು. ಬ್ಯಾಂಕಿನ ಚೆಕ್ಕಿನ ಹುಟ್ಟೂ ಇದೇ ಪದದಲ್ಲೇ ಇದೆ. ನಮ್ಮ ಕಡೆ ಹಳ್ಳಿ ಹಳ್ಳಿಯಲ್ಲೂ ಚೆಕ್ ಡ್ಯಾಂ ಇದೆ ಅಲ್ವಾ? ಚೆಕ್ ಡ್ಯಾಂ ನೀರನ್ನು ಪರೀಕ್ಷೆ ಮಾಡುವುದಿಲ್ಲ, ಓಡುವ ನೀರನ್ನು ತಡೆದು ನಿಲ್ಲಿಸುತ್ತದೆ. ರಿಯಾಲಿಟಿ ಚೆಕ್‌ನಲ್ಲಿ ಈ ಎರಡು ಅರ್ಥವೂ ಬೆರೆತಿದೆ ಅಂತ ನನಗೆ ಅನ್ನಿಸುತ್ತದೆ. ಓಡುತ್ತಿರುವ ಮನಸ್ಸನ್ನು ಒಂದು ಕ್ಷಣ ನಿಲ್ಲಿಸಿ, ಇರುವುದರ ಪಕ್ಕದಲ್ಲಿಟ್ಟು ನೋಡುವುದು.

ನಿನ್ನ ಮೇಲಿನವರು ಹೇಳಿದ್ದು ಇಷ್ಟೇ: ‘10 ದಿನ ಅಂತ ಹಾಕಿದ್ದೀಯ, ಅದು ನಡೆಯುವ ಮಾತಾ ಅಂತ ಇನ್ನೊಂದು ಸಲ ಯೋಚನೆ ಮಾಡು.’ ಬೈಗುಳ ಅಲ್ಲ. ಅವರು ‘ಟೈಮ್‌ಲೈನ್’ ಅಂತ ಬರೆದಿದ್ದಾರೆ, ‘ಯು’ ಅಂತ ಬರೆದಿಲ್ಲ, ಅದನ್ನು ಗಮನಿಸು. ಟಿವಿಯವರ ಬಳಕೆ ಮಾತ್ರ ತಪ್ಪು. ಅದು ತಪಾಸಣೆ. ಅದಕ್ಕೆ ಬೇರೆ ಪದ ಇದೆ.


ಚಿಂತಾಮಣಿ ತೋಟ:

ಮೇಷ್ಟ್ರು ಪದ ಬಿಡಿಸಿದ್ದಾರೆ, ನಾನು ನಮ್ಮ ಮನೆಯಲ್ಲಿ ನಡೆದದ್ದು ಹೇಳುತ್ತೇನೆ ಅಕ್ಕ. ನನಗೆ ಈ ಮಾತು ಅರ್ಥವಾದದ್ದೇ ಅದರಿಂದ.

2023ರ ಜುಲೈ ನೆನಪಿದೆಯಾ? ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2000 ರೂಪಾಯಿ ದಾಟಿತ್ತು. ಊರಲ್ಲಿ ಎಲ್ಲಿ ಕೂತರೂ ಅದೇ ಮಾತು, ಯಾರೋ ಒಂದೇ ಬೆಳೆಯಲ್ಲಿ ಸಾಲ ತೀರಿಸಿದರಂತೆ, ಯಾರೋ ಮನೆ ಕಟ್ಟಿಸುತ್ತಾರಂತೆ. ನಮ್ಮ ಚಿಕ್ಕಪ್ಪನ ಎರಡು ಎಕರೆ ಆಗ ಖಾಲಿ ಇತ್ತು. ಅವರು ಒಂದು ಹಾಳೆಯಲ್ಲಿ ಲೆಕ್ಕ ಬರೆದರು. ಎಕರೆಗೆ ಇಷ್ಟು ಬಾಕ್ಸ್, ಬಾಕ್ಸಿಗೆ 2000, ಬೇಡ 1500 ಅಂತಲೇ ಇಟ್ಟುಕೊಳ್ಳೋಣ ಅಂತ. ಆ ಹಾಳೆ ನೋಡಿ ಮನೆಯವರೆಲ್ಲ ಕುಣಿದಾಡಿಬಿಟ್ಟೆವು. ಸಾಲ ತಂದು ಸಸಿ ನೆಟ್ಟರು. ಮಲ್ಚಿಂಗ್ ಪೇಪರ್, ಡ್ರಿಪ್ಪು, ಕಡ್ಡಿ, ದಾರ, ಔಷಧಿ, ಯಾವುದಕ್ಕೂ ಹಿಂದೆ ಮುಂದೆ ನೋಡಲಿಲ್ಲ.

ನೆಟ್ಟ ಮೇಲೆ ಕಾಯಿ ಕೀಳುವುದಕ್ಕೆ ಎರಡು ತಿಂಗಳು ಮೇಲೆ ಬೇಕು. ಆ ಎರಡು ತಿಂಗಳಲ್ಲಿ ಚಿಕ್ಕಪ್ಪನ ತರಾನೇ ಲೆಕ್ಕ ಬರೆದವರ ಬೆಳೆಯೆಲ್ಲ ಒಟ್ಟಿಗೆ ಮಂಡಿಗೆ ಬಂತು. ಸೆಪ್ಟೆಂಬರಿಗೆ ರೇಟು ಬಿದ್ದುಹೋಗಿತ್ತು. ಕೀಳುವ ಕೂಲಿ, ಗಾಡಿ ಬಾಡಿಗೆ ಕಳೆದರೆ ಕೈಗೆ ಏನೂ ಬರಲಿಲ್ಲ. ಕೊನೆಯ ಎರಡು ಕೊಯ್ಲು ಕೀಳಿಸಲೇ ಇಲ್ಲ, ಹಣ್ಣು ತೋಟದಲ್ಲೇ ಕೊಳೆಯಿತು.

ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಅಣ್ಣ ಅವತ್ತು ಫೋನಿನಲ್ಲಿ ‘ದಟ್ ವಾಸ್ ಎ ರಿಯಾಲಿಟಿ ಚೆಕ್ ಫಾರ್ ಅಸ್’ ಅಂದ. ಆಗ ನನಗೆ ತಟ್ಟನೆ ಹೊಳೆಯಿತು. ತೋಟ ಚೆನ್ನಾಗಿಯೇ ಇತ್ತು, ಬೆಳೆಯೂ ಚೆನ್ನಾಗಿತ್ತು, ಯಾರಾದರೂ ಬಂದು ತೋಟ ಚೆಕ್ ಮಾಡಿದ್ದರೆ ನೂರಕ್ಕೆ ನೂರು ಕೊಡುತ್ತಿದ್ದರು. ಪೆಟ್ಟು ಬಿದ್ದದ್ದು ಆ ಹಾಳೆಗೆ.

ಅದಕ್ಕೇ ಇದು ಬರೀ ಕೆಟ್ಟ ಸುದ್ದಿ ಅಲ್ಲ. ಮಳೆ ಬಂದು ಬೆಳೆ ಹಾಳಾದರೆ ಅದು ನಷ್ಟ, ಅದಕ್ಕೆ ರಿಯಾಲಿಟಿ ಚೆಕ್ ಅನ್ನುವುದಿಲ್ಲ. ಮೊದಲು ನಮ್ಮ ತಲೆಯಲ್ಲಿ ಒಂದು ತಪ್ಪು ನಂಬಿಕೆ ಇರಬೇಕು, ಅದು ಒಡೆಯಬೇಕು, ಆಗ ಮಾತ್ರ ಈ ಮಾತು. ಬೋರ್‌ವೆಲ್ ವಿಷಯದಲ್ಲೂ ಹಾಗೇ. ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬಂದು ಇಲ್ಲಿ ಎರಡಿಂಚು ನೀರು ಗ್ಯಾರಂಟಿ ಅಂತಾರೆ, 1200 ಅಡಿ ಹೋದರೂ ಧೂಳೇ ಬರುತ್ತದೆ. ನಮ್ಮ ಭಾಗದಲ್ಲಿ ಇದು ಯಾವ ಮನೆಯಲ್ಲಿ ಆಗಿಲ್ಲ ಹೇಳಿ.

ನಮ್ಮಜ್ಜಿ ಇದಕ್ಕೆ ‘ಅವನಿಗೆ ಅಮಲು ಇಳೀತು’ ಅಂತಾರೆ. ನನಗೆ ಇದಕ್ಕಿಂತ ಸರಿಯಾದ ಕನ್ನಡ ಗೊತ್ತಿಲ್ಲ.


ತುಮಕೂರು ಡೆಸ್ಕ್:

ನಾನು ತಿಪಟೂರಿನ ಕಡೆಯವನು, ತುಮಕೂರಿನಲ್ಲಿ ಪತ್ರಿಕೆಯ ಡೆಸ್ಕ್‌ನಲ್ಲಿ ಕೆಲಸ. ಮೇಷ್ಟ್ರ ಮಾತು ಬಹಳ ಇಷ್ಟವಾಯಿತು, ಕಣ್ಣಳತೆಯ ಉದಾಹರಣೆ ನಾನು ಬರೆದಿಟ್ಟುಕೊಂಡೆ. ಆದರೆ ಟಿವಿಯವರದು ತಪ್ಪು ಅಂದದ್ದನ್ನು ನಾನು ಒಪ್ಪುವುದಿಲ್ಲ ಸರ್.

ಬಿಬಿಸಿಯಲ್ಲೇ ‘ರಿಯಾಲಿಟಿ ಚೆಕ್’ ಅನ್ನುವ ಹೆಸರಿನಲ್ಲಿ ವರ್ಷಗಟ್ಟಲೆ ಒಂದು ವಿಭಾಗ ನಡೆಯುತ್ತಿತ್ತು. ರಾಜಕಾರಣಿಗಳು ಹೇಳಿದ ಅಂಕಿ ಅಂಶ ನಿಜವೋ ಅಲ್ಲವೋ ಅಂತ ನೋಡುವುದು ಅದರ ಕೆಲಸ. 2023ರ ಮೇನಲ್ಲಿ ಬಿಬಿಸಿ ವೆರಿಫೈ ಅಂತ ಶುರುವಾದಾಗ ಈ ಕೆಲಸ ಅದರೊಳಗೆ ಸೇರಿತು. ಅಂದರೆ ಇಂಗ್ಲಿಷಿನಲ್ಲೂ ಸುದ್ದಿಯವರು ಈ ಪದವನ್ನು ‘ಹೇಳಿದ್ದಕ್ಕೂ ಇರುವುದಕ್ಕೂ ತಾಳೆ ಇದೆಯಾ’ ಅನ್ನುವ ಅರ್ಥದಲ್ಲಿ ಬಳಸಿದ್ದಾರೆ. ನಮ್ಮ ಕನ್ನಡ ಚಾನೆಲ್‌ನವರು ಅದನ್ನು ಇನ್ನೊಂದು ಹೆಜ್ಜೆ ಮುಂದೆ ತಂದರು. ಮಂತ್ರಿ ‘ಎಲ್ಲ ಹಾಸ್ಟೆಲ್‌ನಲ್ಲೂ ಬಿಸಿನೀರು ಇದೆ’ ಅಂತಾರೆ, ವರದಿಗಾರ ಹೋಗಿ ನಲ್ಲಿ ತಿರುಗಿಸಿ ನೋಡುತ್ತಾನೆ. ಅಲ್ಲಿಯೂ ಪರೀಕ್ಷೆಗೆ ಕೂತಿರುವುದು ಮಂತ್ರಿಯ ಮಾತೇ ಅಲ್ವಾ? ಯಾರ ಮಾತೂ ಇಲ್ಲದೆ ಸುಮ್ನೆ ಯಾವುದೋ ಆಫೀಸಿಗೆ ನುಗ್ಗಿ ರಿಯಾಲಿಟಿ ಚೆಕ್ ಅಂದರೆ ಮಾತ್ರ ಅದು ತಪಾಸಣೆ, ಅಷ್ಟರ ಮಟ್ಟಿಗೆ ಮೇಷ್ಟ್ರ ಜೊತೆ ಇದ್ದೇನೆ. ಆದರೆ ಈಗ ಕನ್ನಡದಲ್ಲಿ ಆ ಅರ್ಥವೂ ಬೇರು ಬಿಟ್ಟಿದೆ. ಬೇರೆ ಭಾಷೆಯಿಂದ ಬಂದ ಪದ ನಮ್ಮಲ್ಲಿ ಬೇರೆ ಕೆಲಸ ಮಾಡುವುದು ಹೊಸದಲ್ಲ. ಸಂಸ್ಕೃತದಲ್ಲಿ ‘ನಿಜ’ ಅಂದರೆ ತನ್ನದು, ಸ್ವಂತದ್ದು. ಹಿಂದಿಯ ‘ನಿಜೀ’ಯಲ್ಲಿ ಇವತ್ತಿಗೂ ಅದೇ ಅರ್ಥ. ನಮಗೆ ನಿಜ ಅಂದರೆ ಸತ್ಯ. ಯಾರಾದರೂ ಇದನ್ನು ತಪ್ಪು ಅನ್ನುತ್ತಾರಾ?

ನರಸಾಪುರದ ತಂಗಿಗೆ ಒಂದು ಮಾತು. ನೀವು ಹೋಗಿ ಫೋಟೊ ತೆಗೆದದ್ದು ಕನ್ನಡದ ಅರ್ಥದಲ್ಲಿ ಪೂರ್ತಿ ಸರಿ. ಇಂಗ್ಲಿಷ್ ಮೇಲ್‌ಗೆ ಕನ್ನಡದ ಅರ್ಥದಲ್ಲಿ ಉತ್ತರ ಹೋಯಿತು, ಆದದ್ದು ಅಷ್ಟೇ. ನಕ್ಕವರಿಗೆ ಇದು ತಿಳಿದಿರಬೇಕಿತ್ತು.

ಇನ್ನು ಕನ್ನಡದ ಪದ. ‘ವಾಸ್ತವ ಪರಿಶೀಲನೆ’ ನನಗೂ ಬೇಡ. ಅದನ್ನು ಕೇಳಿದರೆ ಸರ್ಕಾರಿ ಕಡತ ನೆನಪಾಗುತ್ತದೆ, ಮನುಷ್ಯರ ಮಾತು ಅನ್ನಿಸುವುದಿಲ್ಲ. ಒಂದೇ ಪದ ಹುಡುಕುವುದು ಬಿಟ್ಟು, ಸಂದರ್ಭಕ್ಕೆ ತಕ್ಕ ಹಾಗೆ ಬರೆಯಬೇಕು ಅನ್ನುವುದು ನನ್ನ ಅಭಿಪ್ರಾಯ. ಆಟದಲ್ಲಿ ಗೆಲ್ಲುತ್ತೇವೆ ಅಂತ ಬೀಗುತ್ತಿದ್ದ ತಂಡ ಸೋತರೆ ‘ಈ ಸೋಲು ಕಣ್ಣು ತೆರೆಸಿತು’ ಅಂತ ಬರೆಯುತ್ತೇನೆ. ಸರ್ಕಾರದ ಘೋಷಣೆ ಕುರಿತು ಆದರೆ ‘ವಸ್ತುಸ್ಥಿತಿ ಬೇರೆಯೇ ಇದೆ’. ಮನೆಮಾತಿನಲ್ಲಿ ಅಮಲು ಇಳಿಯಿತು, ಭ್ರಮೆ ಕಳಚಿತು, ಕಾಲು ನೆಲಕ್ಕೆ ತಾಗಿತು. ಇವೆಲ್ಲವೂ ಅದೇ.

ವಸ್ತುಸ್ಥಿತಿ ಅಂದಾಗ ನೆನಪಾಯಿತು, ಇದು ನನಗೆ ಬಹಳ ಖುಷಿ ಕೊಟ್ಟ ವಿಷಯ. ರಿಯಾಲಿಟಿ ಅನ್ನುವ ಪದದ ಬೇರು ಲ್ಯಾಟಿನ್ನಿನ ‘ರೆಸ್’. ಅಂದರೆ ವಸ್ತು. ನಮ್ಮ ‘ವಾಸ್ತವ’ ಹುಟ್ಟಿದ್ದೂ ‘ವಸ್ತು’ವಿನಿಂದಲೇ. ಅಲ್ಲಿಯವರೂ ಇಲ್ಲಿಯವರೂ ನಿಜಕ್ಕೆ ಹೆಸರು ಇಡುವಾಗ, ಕೈಗೆ ಸಿಗುವ ವಸ್ತುವನ್ನೇ ಹಿಡಿದುಕೊಂಡರು. ಹಳ್ಳಿಯಲ್ಲಿ ಹಿರಿಯರು ಈಗಲೂ ಹೇಳುವ ‘ದಿಟ’ ಇದೆಯಲ್ಲ, ಅದು ‘ದೃಷ್ಟ’ದ ತದ್ಭವ, ಅಂದರೆ ಕಣ್ಣಿಂದ ಕಂಡದ್ದು. ಕಾಯಿ ಮಂಡಿಯಲ್ಲಿ ಕೊಬ್ಬರಿ ಒಡೆದು ನೋಡದೆ ಯಾರೂ ರೇಟು ಹೇಳುವುದಿಲ್ಲ, ಅದೇ ಬುದ್ಧಿ ಈ ಪದದಲ್ಲೂ ಇದೆ.


ಬಂಗಾರಪೇಟೆ ಲೋಕಲ್:

ಟ್ರೈನಿನಲ್ಲಿ ನಿಂತುಕೊಂಡು ಟೈಪ್ ಮಾಡುತ್ತಿದ್ದೇನೆ, ಹಾಗಾಗಿ ಬಳಕೆ ಬಗ್ಗೆ ಮಾತ್ರ. ಆಫೀಸಿನಲ್ಲಿ ಈ ಮಾತು ದಿನಾ ಕೇಳುತ್ತೇನೆ.

ನಮ್ಮ ಬಗ್ಗೆ ನಾವು ಹೇಳಿಕೊಂಡರೆ ಯಾವ ತೊಂದರೆಯೂ ಇಲ್ಲ. ‘ಐ ಗಾಟ್ ಎ ರಿಯಾಲಿಟಿ ಚೆಕ್’ ಅಂದರೆ ನನಗೆ ಈಗ ಬುದ್ಧಿ ಬಂತು ಅಂತ, ಕೇಳಿದವರಿಗೆ ಗೌರವವೇ ಬರುತ್ತದೆ. ಪ್ಲಾನ್, ಬಜೆಟ್, ತಾರೀಕು ಇವುಗಳ ಬಗ್ಗೆ ಹೇಳಿದರೂ ನಡೆಯುತ್ತದೆ. ಎದುರಿಗಿರುವ ಮನುಷ್ಯನಿಗೆ ನೇರವಾಗಿ ‘ಯು ನೀಡ್ ಎ ರಿಯಾಲಿಟಿ ಚೆಕ್’ ಅಂದರೆ ಮಾತ್ರ ಅದು ಚುಚ್ಚು ಮಾತು. ‘ನೀನು ಯಾವ ಲೋಕದಲ್ಲಿದ್ದೀಯಾ’ ಅಂದ ಹಾಗೆ. ಗೆಳೆಯರಲ್ಲಿ ಸರಿ, ಹಿರಿಯರಿಗೆ, ಮೇಲಿನವರಿಗೆ ಬೇಡವೇ ಬೇಡ. ‘ಗೆಟ್ ರಿಯಲ್’ ಅನ್ನುವುದು ಇನ್ನೂ ಒರಟು, ಅದನ್ನು ಯಾರಿಗೂ ಮೇಲ್‌ನಲ್ಲಿ ಬರೆಯಬೇಡಿ.

‘ಇನ್ ರಿಯಾಲಿಟಿ’ ಬೇರೆ. ಅದು ನಮ್ಮ ‘ಅಸಲಿಗೆ’ ಇದ್ದ ಹಾಗೆ. ನೋಡುವುದಕ್ಕೆ ಸುಲಭ, ಅಸಲಿಗೆ ಕಷ್ಟ, ಅಂತ ಹೇಳುವಾಗ ಬರುತ್ತದೆ.

ಇನ್ನೊಂದು, ಲೇಔಟ್ ಬೋರ್ಡ್‌ಗಳ ಮೇಲೆ ‘ರಿಯಾಲ್ಟಿ’ ಅಂತ ಬರೆದಿರುತ್ತಾರೆ. ಅದು ಸೈಟು, ಜಮೀನಿನ ವ್ಯವಹಾರ. ರಿಯಾಲಿಟಿ ಅಲ್ಲ. ನಮ್ಮ ಆಫೀಸಿನಲ್ಲೇ ಒಬ್ಬರು ಎರಡನ್ನೂ ಒಂದೇ ಅಂದುಕೊಂಡಿದ್ದರು, ಅದಕ್ಕೇ ಹೇಳಿದೆ.


ಮುಳಬಾಗಿಲು ಮೇಷ್ಟ್ರು:

ಡೆಸ್ಕಿನವರ ಮಾತು ಒಪ್ಪಿದೆ. ಮಂತ್ರಿಯ ಮಾತು ಪರೀಕ್ಷೆಗೆ ಕೂತಿದೆ ಅಂದಿರಲ್ಲ, ಅದನ್ನು ನಾನು ಯೋಚಿಸಿರಲಿಲ್ಲ. ಟಿವಿಯವರದು ಪೂರ್ತಿ ತಪ್ಪು ಅಂದದ್ದನ್ನು ವಾಪಸ್ ತಗೊಳ್ಳುತ್ತೇನೆ. ಹಾಗಾದರೆ ಕೇಳಿಕೊಳ್ಳಬೇಕಾದ ಪ್ರಶ್ನೆ ಎಲ್ಲ ಕಡೆಗೂ ಒಂದೇ ಆಯಿತು: ಇಲ್ಲಿ ಯಾರ ಮಾತು, ಯಾರ ನಂಬಿಕೆ ಪರೀಕ್ಷೆಗೆ ಕೂತಿದೆ? ಟೊಮೆಟೊ ತಮ್ಮನ ಮನೆಯಲ್ಲಿ ಚಿಕ್ಕಪ್ಪನ ಹಾಳೆ. ಹಾಸ್ಟೆಲಿನಲ್ಲಿ ಮಂತ್ರಿಯ ಮಾತು. ನಿನ್ನ ಮೇಲ್‌ನಲ್ಲಿ ಆ 10 ದಿನ.


ನರಸಾಪುರ ಶಿಫ್ಟ್:

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಅಷ್ಟು ದಿನದ ಭಾರ ಇಳಿದ ಹಾಗಾಯಿತು. ಕಣ್ಣಳತೆ ನಾನು ಇನ್ನು ಮರೆಯುವುದಿಲ್ಲ ಮೇಷ್ಟ್ರೇ.

ನಿನ್ನೆ ಕೂತು ಮತ್ತೆ ಲೆಕ್ಕ ಹಾಕಿದೆ. ಬೆಂಚು 12 ಇದೆ. ಒಂದು ಬೆಂಚಿನಲ್ಲಿ ಒಂದು ಸಲಕ್ಕೆ ಇಬ್ಬರು ಮಾತ್ರ ಕಲಿಯಬಹುದು. ಅಂದರೆ ಒಂದು ಬ್ಯಾಚಿಗೆ 24 ಜನ. 60 ಜನಕ್ಕೆ ಮೂರು ಬ್ಯಾಚ್ ಬೇಕು. ಒಂದು ಬ್ಯಾಚಿಗೆ ಕಡಿಮೆ ಅಂದರೂ 6 ದಿನ. ನಾನು 10 ದಿನ ಅಂತ ಬರೆದಾಗ 60 ಜನರೂ ಒಟ್ಟಿಗೆ ಕೂತ ಹಾಗೆ ಲೆಕ್ಕ ಹಾಕಿದ್ದೆ. ವಿಚಿತ್ರ ಅಂದರೆ, ಬೆಂಚು ಎಷ್ಟಿದೆ ಅಂತ ನನಗೆ ಗೊತ್ತಾದದ್ದು ಅವತ್ತು ತೆಗೆದ ಫೋಟೊ ನೋಡಿಯೇ. ಹೋಗಿ ನೋಡಿದ್ದು ದಂಡ ಆಗಲಿಲ್ಲ.

ಈಗ 18 ದಿನದ ಪ್ಲಾನ್ ಮಾಡಿದ್ದೇನೆ. ಮೇಲ್ ಹೀಗೆ ಶುರು ಮಾಡಲಾ, ಸರಿ ಇದೆಯಾ ನೋಡಿ: ‘ಸರ್, ಯುವರ್ ಮೇಲ್ ವಾಸ್ ರಿಯಾಲಿಟಿ ಚೆಕ್ ಫಾರ್ ಮಿ. ಐ ಹ್ಯಾವ್ ರಿವೈಸ್ಡ್ ದ ಡೇಟ್ಸ್.’


ಮುಳಬಾಗಿಲು ಮೇಷ್ಟ್ರು:

‘ವಾಸ್’ ಆದ ಮೇಲೆ ಒಂದು ‘ಎ’ ಸೇರಿಸು. ಎ ರಿಯಾಲಿಟಿ ಚೆಕ್. ಇದು ಎಣಿಸಬಹುದಾದ ಪದ, ಒಂದು, ಎರಡು, ಮೂರು ಅಂತ ಬರುತ್ತದೆ. ಅದಕ್ಕೇ ‘ಎ’ ಬಿಡುವ ಹಾಗಿಲ್ಲ. ಉಳಿದದ್ದು ಸರಿಯಾಗಿದೆ. ಆ ಬೆಂಚಿನ ಲೆಕ್ಕವನ್ನೂ ಮೇಲ್‌ನಲ್ಲಿ ಹಾಕು, 18 ದಿನ ಯಾಕೆ ಅಂತ ಅವರಿಗೆ ತಾನಾಗಿಯೇ ತಿಳಿಯುತ್ತದೆ. ಕಳಿಸಮ್ಮ.